ಆ 5 ಲಕ್ಷ ಯಾರ ದುಡ್ಡು?

‘ನೋಟು ಅಚ್ಚು ಹಾಕಿಸುವುದು ರಿಸರ್ವ್ ಬ್ಯಾಂಕ್ ಅಲ್ವಾ, ಹಾಗಾದ್ರೆ ಹಣ ಹುಟ್ಟಿಸುವುದೂ ಸರ್ಕಾರವೇ.’ ಓದಿದವರೂ ಹೀಗೇ ಹೇಳುತ್ತಾರೆ. ಬ್ಯಾಂಕಿನ ಸಾಲದ ವಿಭಾಗದಲ್ಲಿ 30 ವರ್ಷ ಕೂತ ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ.

ಒಮ್ಮೆ ಅಡಿಕೆ ಬೆಳೆಗಾರರೊಬ್ಬರಿಗೆ 5 ಲಕ್ಷ ಸಾಲ ಮಂಜೂರಾಯಿತು. ‘ಸಾರ್, ಇದು ಯಾರು ಇಟ್ಟ ದುಡ್ಡು?’ ಎಂದು ಮೆಲ್ಲಗೆ ಕೇಳಿದರು. ಯಾರದೋ ಮಗಳ ಮದುವೆ ದುಡ್ಡು ತಾನು ಒಯ್ಯುತ್ತಿದ್ದೇನೆ ಎನ್ನುವ ಅಳುಕು, ಪಾಪ. ಅದು ಯಾರದ್ದೂ ಅಲ್ಲ. ಅವರ ಸಾಲದ ಖಾತೆಗೆ 5 ಲಕ್ಷ ಖರ್ಚು ಬರೆದೆವು, ಎಸ್‌ಬಿ ಖಾತೆಗೆ 5 ಲಕ್ಷ ಜಮಾ ಮಾಡಿದೆವು. ಬೇರೆ ಯಾರ ಪಾಸ್‌ಬುಕ್ಕಿನಲ್ಲೂ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಹಣ ಹುಟ್ಟಿದ್ದು ಆ ಜಮಾದಲ್ಲಿ. ಸಾಲ ತೀರಿಸಿದಂತೆಲ್ಲ ಅದು ಅಳಿಯುತ್ತದೆ. ನಮಗೆ ರಿಸರ್ವ್ ಬ್ಯಾಂಕ್ ಇದ್ದ ಹಾಗೆ ಬ್ರಿಟನ್ನಿನ ಕೇಂದ್ರ ಬ್ಯಾಂಕ್ ಆಗಿರುವ ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ಇದನ್ನೇ ಬಿಡಿಸಿ ಬರೆಯಿತು.

ಹಾಗಂತ ಸುಮ್ನೆ ಮನಸ್ಸಿಗೆ ಬಂದಷ್ಟು ಜಮಾ ಬರೆಯಲು ಆಗುವುದಿಲ್ಲ. ಆ ಬೆಳೆಗಾರರು ಗೊಬ್ಬರದ ಅಂಗಡಿಗೆ ಚೆಕ್ ಕೊಟ್ಟು, ಆ ಅಂಗಡಿಯ ಖಾತೆ ಬೇರೆ ಬ್ಯಾಂಕಿನಲ್ಲಿದ್ದರೆ, ರಿಸರ್ವ್ ಬ್ಯಾಂಕಿನಲ್ಲಿರುವ ನಮ್ಮ ಹಣದಿಂದ ಅದನ್ನು ಸಲ್ಲಿಸಬೇಕು. ಠೇವಣಿಗಾಗಿ ನಾವು ಮನೆ ಮನೆ ಅಲೆಯುವುದು ಅದಕ್ಕೇ. ಸ್ವಂತ ಬಂಡವಾಳವೂ ಬೇಕು.

ಬ್ಯಾಂಕನ್ನೇ ಸರ್ಕಾರ ತೆಗೆದುಕೊಂಡರೆ ಹಣ ಹುಟ್ಟಿಸುವುದು ಅದರ ಕೈಗೆ ಬರುತ್ತದಾ? 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಕೂಡ ಅದರಲ್ಲಿದ್ದವು. ಸಾಲ ಯಾರಿಗೆ ಹೋಗಬೇಕು ಎನ್ನುವುದರಲ್ಲಿ ಸರ್ಕಾರದ ಮಾತು ನಡೆಯಿತು. ರೈತರಿಗೆ ಅದರಿಂದ ಒಳ್ಳೆಯದೇ ಆಯಿತು ಎನ್ನುವವನು ನಾನು. ಆದರೆ ಜಮಾ ಹುಟ್ಟುವ ರೀತಿ ಹಾಗೇ ಉಳಿಯಿತು.

ಆ ರೀತಿಯನ್ನೇ ಬದಲಿಸೋಣ ಎಂದು ಸ್ವಿಟ್ಜರ್ಲೆಂಡಿನಲ್ಲಿ ಒಂದು ಗುಂಪು ಹೊರಟಿತು. ಚೆಕ್ಕು, ಕಾರ್ಡಿನಲ್ಲಿ ಓಡಾಡುವ ಹಣವನ್ನೂ ಕೇಂದ್ರ ಬ್ಯಾಂಕ್ ಒಂದೇ ಹುಟ್ಟಿಸಬೇಕು, ಉಳಿದ ಬ್ಯಾಂಕುಗಳು ತಮ್ಮ ಬಳಿ ಇದ್ದಷ್ಟೇ ಸಾಲ ಕೊಡಬೇಕು ಎಂದು ಅವರ ಬೇಡಿಕೆ. 2018ರ ಜೂನ್ 10ರ ಜನಮತದಲ್ಲಿ ಸುಮಾರು ಶೇ 76 ಮಂದಿ ಬೇಡ ಎಂದರು. ಆ ಅಧಿಕಾರ ಸಿಗಬೇಕಿದ್ದ ಕೇಂದ್ರ ಬ್ಯಾಂಕೇ ಬೇಡ ಎಂದಿತ್ತು.

ಇಂಥ ಕಾನೂನು ಮಾಡಿದರೆ ಹಣ ಹುಟ್ಟಿಸುವುದರ ಮೇಲೆ ಹಿಡಿತ ಸಿಗಬಹುದು ಎಂದೇ ನನ್ನ ಅಂದಾಜು. ಆದರೆ ಆ ಹಿಡಿತ ಮಂತ್ರಿಯ ಕೈಗಲ್ಲ, ಕೇಂದ್ರ ಬ್ಯಾಂಕಿನ ಕೈಗೆ. ಮೇಲಾಗಿ ಬ್ಯಾಂಕುಗಳು ಒಂದು ತಿಂಗಳ ಠೇವಣಿಯನ್ನೇ ‘ಯಾವಾಗ ಬೇಕಾದರೂ ತಗೊಳ್ಳಿ’ ಎಂದು ಮಾರಲು ಶುರು ಮಾಡಿದರೆ, ಅದೂ ಹಣದ ಹಾಗೇ ಓಡಾಡುತ್ತದೆ. ಕಾನೂನು ಬರೆಯುವವರು ಮೊದಲು ಈ ಕಿಂಡಿ ಮುಚ್ಚಬೇಕು.