ಶೇ. 98 ಸಾಧನೆ ಆಯ್ತು, ಸರಿ. ಆಮೇಲೆ?

ಸರ್ಕಾರಿ ಇಲಾಖೆಗಳ ಸಿಬ್ಬಂದಿಗೆ ಯೋಜನೆಗಳ ಮೌಲ್ಯಮಾಪನ ಕಲಿಸುವುದು ನನ್ನ ಕೆಲಸ. ಮೊದಲ ದಿನ ನಾನು ಪಾಠ ಮಾಡುವುದಿಲ್ಲ, ಅವರವರ ಪ್ರಗತಿ ವರದಿಯನ್ನೇ ತರಲು ಹೇಳಿರುತ್ತೇನೆ. ಒಮ್ಮೆ ಒಬ್ಬರು ಹೊಲಿಗೆ ತರಬೇತಿ ಯೋಜನೆಯ ವರದಿ ತಂದಿದ್ದರು. ಗುರಿ 500, ಸಾಧನೆ 490. "ಇವರಲ್ಲಿ ಈಗ ಹೊಲಿದು ದುಡಿಯುತ್ತಿರುವವರು ಎಷ್ಟು ಜನ?" ಎಂದು ಕೇಳಿದೆ. ಹಾಳೆ ತಿರುವಿ ನೋಡಿದರು, ಮತ್ತೆ ತಿರುವಿದರು. "ಆ ಕಾಲಂ ನಮ್ಮ ಫಾರಂನಲ್ಲಿ ಇಲ್ಲ ಮೇಡಂ" ಅಂದರು.

ಅವರ ತಪ್ಪೇನಿಲ್ಲ. ಕೆಲಸ ನಡೆಯಿತೇ ಎಂದು ನೋಡುವುದನ್ನೇ ನಾವು ಅವರಿಗೆ ಕಲಿಸಿದ್ದು. ಅದು ಉಸ್ತುವಾರಿ. ಆ ಕೆಲಸದಿಂದ ಜನರಿಗೆ ಏನಾಯಿತು, ಯಾಕಾಯಿತು ಎಂದು ಹುಡುಕುವುದು ಬೇರೆಯೇ ಕಸುಬು, ಮೂರು ದಿನದ ತರಬೇತಿಯಲ್ಲಿ ಅದು ಕೈಗೆ ಬರುವುದಿಲ್ಲ. ಮುಂದುವರಿದ ದೇಶಗಳ ಸಂಘಟನೆಯಾದ ಒಇಸಿಡಿ ಮೌಲ್ಯಮಾಪನಕ್ಕೆಂದು 1991ರಲ್ಲಿ ಕೊಟ್ಟ ಐದು ಮಾನದಂಡ, 2019ರಲ್ಲಿ ಸೇರಿದ ಆರನೆಯದು, ಎಲ್ಲವನ್ನೂ ಬಾಯಿಪಾಠ ಒಪ್ಪಿಸುವವರನ್ನು ನೋಡಿದ್ದೇನೆ. ತಮ್ಮ ಯೋಜನೆಯ ಬಗ್ಗೆ ಒಂದು ಪ್ರಶ್ನೆ ಬರೆಯಿರಿ ಅಂದರೆ ಪೆನ್ನು ನಿಂತುಬಿಡುತ್ತದೆ.

ಎಲ್ಲಕ್ಕಿಂತ ಕಷ್ಟ ಹೋಲಿಕೆಯ ವಿಚಾರ. ತರಬೇತಿ ಪಡೆದವರ ಆದಾಯ ವರ್ಷದಲ್ಲಿ ಶೇ. 20 ಜಾಸ್ತಿ ಆಯ್ತು ಅಂದುಕೊಳ್ಳಿ. ಎಲ್ಲರಿಗೂ ಖುಷಿ. ಆದರೆ ಅರ್ಜಿ ಹಾಕಿ ಸೀಟು ಸಿಗದವರ ಆದಾಯವೂ ಶೇ. 15 ಏರಿದ್ದರೆ? ಯೋಜನೆಯ ಪಾಲು ಹೆಚ್ಚೆಂದರೆ ಉಳಿದ ಐದು, ಅದೂ ಎರಡೂ ಗುಂಪಿನವರು ಮೊದಲು ಒಂದೇ ಸ್ಥಿತಿಯಲ್ಲಿದ್ದರೆ ಮಾತ್ರ. ಅದಕ್ಕೇ ನಾನು ಹೋದಲ್ಲೆಲ್ಲ ಹೇಳುವುದು: ಸೀಟು ಸಿಗದವರ ಪಟ್ಟಿಯನ್ನು ದಯವಿಟ್ಟು ಎಸೆಯಬೇಡಿ. ಮೆಕ್ಸಿಕೋ 1997ರಲ್ಲಿ ಬಡ ಕುಟುಂಬಗಳಿಗೆ ಹಣದ ನೆರವು ಕೊಡುವ ಪ್ರೊಗ್ರೆಸಾ ಯೋಜನೆ ಶುರು ಮಾಡಿದಾಗ, ಅಧ್ಯಯನಕ್ಕೆ ಆಯ್ದ 506 ಹಳ್ಳಿಗಳಲ್ಲಿ ಚೀಟಿ ಎತ್ತಿದ ಹಾಗೆ 320ಕ್ಕೆ ಮೊದಲು ನೆರವು ಕೊಟ್ಟಿತು, 186ಕ್ಕೆ ಆಮೇಲೆ. ಕಾಯುತ್ತಿದ್ದ ಆ ಹಳ್ಳಿಗಳಿಂದಲೇ ನಿಜವಾದ ವ್ಯತ್ಯಾಸ ಕಂಡದ್ದು. ಹಂತ ಹಂತವಾಗಿ ಜಾರಿಯಾಗುವ ಯೋಜನೆ ಯಾವ ಇಲಾಖೆಯಲ್ಲಿಲ್ಲ ಹೇಳಿ?

ಹಾಗಂತ ಎಲ್ಲರೂ ಸಂಖ್ಯಾಶಾಸ್ತ್ರಜ್ಞರಾಗಬೇಕಿಲ್ಲ. ದೊಡ್ಡ ಅಧ್ಯಯನಗಳನ್ನು ಹೆಚ್ಚಾಗಿ ಹೊರಗಿನವರೇ ಮಾಡುತ್ತಾರೆ. ಆದರೆ ಅವರಿಗೆ ಯಾವ ಪ್ರಶ್ನೆ ಕೊಡಬೇಕು, ಸ್ಯಾಂಪಲ್ ಹೇಗೆ ಆರಿಸಿದಿರಿ ಎಂದು ಯಾವಾಗ ಪಟ್ಟುಹಿಡಿದು ಕೇಳಬೇಕು ಎಂಬುದು ಒಳಗಿನವರಿಗೆ ಗೊತ್ತಿರಲೇಬೇಕು, ಇಲ್ಲದಿದ್ದರೆ ಇನ್ನೂರು ಪುಟದ ವರದಿ ಬರುತ್ತದೆ, ಸಹಿ ಬೀಳುತ್ತದೆ, ಬೀರು ಸೇರುತ್ತದೆ. ಅಮೆರಿಕದಲ್ಲಿ 2019ರಲ್ಲಿ ಸಹಿಯಾದ ಕಾನೂನು, ದೊಡ್ಡ ಇಲಾಖೆಗಳು ಮೌಲ್ಯಮಾಪನ ಅಧಿಕಾರಿಯನ್ನು ಗೊತ್ತುಮಾಡುವುದರ ಜೊತೆಗೆ ತಮ್ಮ ಸಾಮರ್ಥ್ಯ ಎಷ್ಟಿದೆ ಎಂದೂ ಅಳೆದುಕೊಳ್ಳಬೇಕು ಎನ್ನುತ್ತದೆ. ಆ ಎರಡನೆಯದು ನನಗೆ ಬಹಳ ಮುಖ್ಯ ಅನಿಸುತ್ತದೆ.

ನನ್ನ ಅನುಭವದಲ್ಲಿ ಕಲಿಕೆ ಆಗುವುದು ಒಂದು ಸಣ್ಣ ಮೌಲ್ಯಮಾಪನವನ್ನು ಮೊದಲಿನಿಂದ ಕೊನೆವರೆಗೆ ತಾವೇ ಮಾಡಿದಾಗ. ಇಬ್ಬಿಬ್ಬರನ್ನು ಜೊತೆ ಹಾಕಿ, ಒಬ್ಬರಿಗೆ ವರ್ಗಾವಣೆಯಾದರೂ ಕೆಲಸ ನಿಲ್ಲಬಾರದು. ಮೇಲಧಿಕಾರಿಯನ್ನೂ ಮೊದಲೇ ಕೂರಿಸಿಕೊಳ್ಳಿ. ಕೆಟ್ಟ ಫಲಿತಾಂಶ ತಂದವರಿಗೆ ಬೈಗುಳ ಬಿದ್ದರೆ ಮುಂದಿನ ಸಲ ಯಾರೂ ನಿಜ ತರುವುದಿಲ್ಲ, ಅಲ್ವಾ?

ಹೊಲಿಗೆ ಯೋಜನೆಯವರು ಮತ್ತು ಅವರ ಸಹೋದ್ಯೋಗಿ ತರಬೇತಿ ಪಡೆದ ಮೂವತ್ತು ಜನರಿಗೆ ಫೋನ್ ಮಾಡಿದರು. ಹೆಚ್ಚಿನವರಿಗೆ ಹೊಲಿಯಲು ಚೆನ್ನಾಗಿಯೇ ಬರುತ್ತಿತ್ತು, ಮನೆಯಲ್ಲಿ ಮಷಿನ್ ಇರಲಿಲ್ಲ. ಎರಡು ಪುಟದ ಟಿಪ್ಪಣಿ ಬರೆದರು. ಮುಂದಿನ ವರ್ಷದ ಪ್ರಸ್ತಾವನೆಯಲ್ಲಿ ತರಬೇತಿಯ ಗುರಿ 300ಕ್ಕೆ ಇಳಿದಿತ್ತು, ಕೆಳಗೆ ಮಷಿನ್ ಕೊಳ್ಳಲು ಸಾಲ ಎಂಬ ಹೊಸ ಬಾಬ್ತು ಸೇರಿತ್ತು.