ಹುದುಗದ ಹಿಟ್ಟು, ಬಾರದ ನಿದ್ದೆ

ಡಿಸೆಂಬರ್‌ನಲ್ಲಿ ಬೆಂಗಳೂರು ಬಿಟ್ಟು ಸ್ಟಾಕ್‌ಹೋಮ್ ಸೇರಿದ ಮೊದಲ ವಾರ ದಿನಾ ರಾತ್ರಿ ಎರಡೂವರೆಗೆ ಎಚ್ಚರ. ಹೊಟ್ಟೆಯೂ ಚುರುಗುಟ್ಟುತ್ತಿತ್ತು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಎರಡೂವರೆ ಅಂದರೆ ನಮ್ಮಲ್ಲಿ ಬೆಳಗಿನ ಏಳು, ಕಾಫಿ ಹೊತ್ತು. ನಿದ್ದೆ ಹೇಗೂ ಇಲ್ಲ ಅಂತ ದೀಪ ಹಾಕಿ ಅಮ್ಮನಿಗೆ ಫೋನ್ ಮಾಡುತ್ತಿದ್ದೆ.

ನಾನು ಎಡವಿದ್ದು ಅಲ್ಲೇ. ಮೈಯ ಹೊತ್ತು ಕಾಯೋದು ಮೆದುಳಿನ ತಳದಲ್ಲಿರುವ ಸುಮಾರು 20,000 ನರಕೋಶಗಳ ಪುಟ್ಟ ಗುಂಪು. ಕಣ್ಣಿಗೆ ಬೀಳುವ ಬೆಳಕನ್ನು ನಂಬಿ ಅದು ತನ್ನ ಮುಳ್ಳು ಸರಿಸಿಕೊಳ್ಳುತ್ತದೆ. ನಡುರಾತ್ರಿ ದೀಪ ಹಾಕಿದಾಗೆಲ್ಲ 'ಹೌದು, ಬೆಳಗಾಯ್ತು' ಅಂತ ನಾನೇ ಅದಕ್ಕೆ ಸುಳ್ಳು ಹೇಳುತ್ತಿದ್ದೆ. ಅದು ಬೆಂಗಳೂರಿನ ಟೈಮನ್ನೇ ಹಿಡಿದುಕೊಂಡು ಕೂತಿತು.

ಸಂಜೆ ಬೆಳಕು ಕಂಡರೆ ಮುಳ್ಳು ಹಿಂದಕ್ಕೆ ಸರಿಯುತ್ತದೆ. ನನಗೆ ಬೇಕಾಗಿದ್ದೂ ಅದೇ. ಆದರೆ ಆ ತಿಂಗಳು ಅಲ್ಲಿ ಸಂಜೆ ಅನ್ನೋದೇ ಇಲ್ಲ! ಸೂರ್ಯ ಹುಟ್ಟೋದು ಎಂಟೂವರೆ ದಾಟಿದ ಮೇಲೆ, ಮುಳುಗೋದು ಮೂರಕ್ಕೂ ಮೊದಲು. ಮನೆಯ ದೀಪ ಎಷ್ಟೇ ಝಗಮಗ ಅಂದರೂ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಅಷ್ಟೇ. ನಮ್ಮೂರ ನಡುಮಧ್ಯಾಹ್ನದ ಬಿಸಿಲು ಒಂದು ಲಕ್ಷದ ಹತ್ತಿರ.

ಹಾಗಿದ್ದರೂ ನನ್ನ ಪಯಣ ಸುಲಭದ್ದೇ. ಬೆಳಕಿನ ಸುಳಿವು ಸಿಗದಿದ್ದರೆ ಹೆಚ್ಚಿನವರ ಒಳಗಡಿಯಾರದ ಒಂದು ಸುತ್ತು 24 ಗಂಟೆಗಿಂತ ಚೂರು ಜಾಸ್ತಿ. ಅದಕ್ಕೇ ದಿನವನ್ನು ಹಿಗ್ಗಿಸುವ ಪಶ್ಚಿಮದ ದಾರಿ ಮೈಗೆ ಒಗ್ಗುತ್ತದೆ. ಊರಿಗೆ ವಾಪಸ್ ಬಂದಾಗಲೇ ಒದ್ದಾಟ ಜಾಸ್ತಿ. ಈ ಗಡಿಯಾರದ ಹಲ್ಲುಚಕ್ರಗಳು ನಮ್ಮ ಜೀನ್‌ಗಳು. ಹಣ್ಣುನೊಣದಲ್ಲಿ ಅವನ್ನು ಬಿಡಿಸಿ ನೋಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ 2017ರಲ್ಲಿ ನೊಬೆಲ್ ಪಡೆದರು. ಪಡೆದದ್ದೂ ಇದೇ ಸ್ಟಾಕ್‌ಹೋಮ್‌ನಲ್ಲಿ, ಡಿಸೆಂಬರ್‌ನಲ್ಲೇ. ಅವರಿಗೆ ಅಲ್ಲಿ ನಿದ್ದೆ ಬಂತೋ ಇಲ್ವೋ!

ಇನ್ನು ಹಸಿವು. ಲಿವರ್‌ಗೂ ತನ್ನದೇ ಗಡಿಯಾರ ಉಂಟು. ಅದು ಬೆಳಕಿಗಿಂತ ಊಟದ ಹೊತ್ತಿಗೆ ಜಾಸ್ತಿ ಬೆಲೆ ಕೊಡುತ್ತದೆ. ಎರಡೂವರೆಗೆ ಬಿಸ್ಕತ್ತು ತಿಂದು ಅದನ್ನೂ ಊರಲ್ಲೇ ಉಳಿಸಿದ್ದೆ.

ದೋಸೆ ಹಿಟ್ಟಿನದು ಇನ್ನೊಂದು ಕಥೆ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಹಾಗೇ ಪೆಚ್ಚಾಗಿ ಕೂತಿತ್ತು, ಒಂದು ಗುಳ್ಳೆಯೂ ಇಲ್ಲ. ಹಿಟ್ಟನ್ನು ಉಬ್ಬಿಸೋದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ. ಉದ್ದಿನ ಬೇಳೆಯ ಜೊತೆಗೇ ಬರುವ ಇದು ಸಕ್ಕರೆ ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಆ ಅನಿಲವನ್ನು ಉದ್ದಿನ ಲೋಳೆ ಹಿಡಿದಿಟ್ಟರೆ ಹಿಟ್ಟು ಮೇಲೇಳುತ್ತದೆ. ಇದಕ್ಕೆ 25ರಿಂದ 30 ಡಿಗ್ರಿ ಸೆಖೆ ಹಿತ. ಹೀಟರ್ ಹಾಕಿದ ಮನೆಯಲ್ಲೂ 20 ಇದ್ದರೆ ಹೆಚ್ಚು. ಬ್ಯಾಕ್ಟೀರಿಯಾ ಸತ್ತಿರಲ್ಲ, ಸುಮ್ನೆ ತೂಕಡಿಸುತ್ತಿರುತ್ತದೆ.

"ಬೆಚ್ಚಗಿರೋ ಕಡೆ ಇಡೋ, ಎಲ್ಲಾ ನಾನೇ ಹೇಳ್ಬೇಕಾ," ಅಂದರು ಅಮ್ಮ.

ಓವನ್ ಉರಿಸದೆ ಒಳಗಿನ ಬಲ್ಬ್ ಮಾತ್ರ ಹಾಕಿ ಪಾತ್ರೆ ಇಟ್ಟೆ. ರಾತ್ರಿ ಎಚ್ಚರವಾದರೂ ದೀಪ ಮುಟ್ಟಲಿಲ್ಲ. ಬೆಳಗ್ಗೆ ನೋಡಿದರೆ ಹಿಟ್ಟು ಪಾತ್ರೆ ಮೀರಿ ಓವನ್ ತಳಕ್ಕೆಲ್ಲ ಸುರಿದಿದೆ. ಗಂಟೆ ಏಳೂವರೆ. ಹೊರಗಿನ್ನೂ ಕಗ್ಗತ್ತಲು.