ಹೊಸ ಹಾರ್ನಿನ ಗಂಟಲು ಕಟ್ಟಿದ್ದೇಕೆ?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳದಿಂದ ಲೋಕಾಪುರದ ಕಡೆ ಬೈಕಿನಲ್ಲಿ ಹೋಗುವುದು ಬೇರೆಯದೇ ಕೆಲಸ. ಮುಂದೆ ಟ್ರ್ಯಾಕ್ಟರ್, ಅದರ ಬೆನ್ನಿಗೆ ಎರಡು ಟ್ರೇಲರ್, ಎರಡರ ತುಂಬ ಕಬ್ಬು. ಗಳಗಳು ಎರಡೂ ಬದಿಗೆ ರಸ್ತೆಯ ಮೇಲೆ ಚಾಚಿಕೊಂಡಿರುತ್ತವೆ. ಟ್ರ್ಯಾಕ್ಟರಿನವನು ಜೋರಾಗಿ ಹಾಡು ಹಚ್ಚಿರುತ್ತಾನೆ. ಅಷ್ಟು ದೊಡ್ಡ ಕಬ್ಬಿನ ರಾಶಿಯ ಹಿಂದೆ ನನ್ನ ಬೈಕಿನ ಹಾರ್ನ್ 'ಪೀಂ' ಅಂದರೆ ಅವನಿಗೆ ಕೇಳುವುದೇ ಇಲ್ಲ. ನಾನು ಪಕ್ಕಕ್ಕೆ ಬಂದಿದ್ದೇನೆ ಅಂತ ಗೊತ್ತಾಗದೆ ಅವನು ಸ್ವಲ್ಪ ಬಲಕ್ಕೆ ತಿರುಗಿಸಿದರೂ ಸಾಕು. ಒಂದು ಸಂಜೆ ಹಾಗೇ ಆಯಿತು. ನಾನು ಎರಿ ಮಣ್ಣಿನ ಅಂಚಿಗೆ ಇಳಿದು ಹೇಗೋ ನಿಂತೆ.

ಮರುದಿನವೇ ಬಸವನಹುಳದ ಆಕಾರದ ಎರಡು ಹಾರ್ನ್ ತಂದೆ. ಒಂದರ ಸ್ವರ ದಪ್ಪ, ಇನ್ನೊಂದರದು ತೆಳು. ಹಳೆಯ ಹಾರ್ನ್ ಬಿಚ್ಚಿ, ಅದರ ಎರಡು ವೈರನ್ನೇ ಹೊಸದಕ್ಕೆ ಸಿಕ್ಕಿಸಿದೆ. ಅಂಗಡಿಯಲ್ಲಿ ಕಿವಿ ಗಡಚಿಕ್ಕುವ ಹಾಗೆ ಕೂಗಿದ್ದ ಹಾರ್ನ್ ನನ್ನ ಬೈಕಿನಲ್ಲಿ ಗಂಟಲು ಕಟ್ಟಿದವರ ಹಾಗೆ ಕೂಗಿತು. ಹತ್ತು ದಿನ ಕಳೆಯುವಷ್ಟರಲ್ಲಿ ಹ್ಯಾಂಡಲ್ಲಿನ ಹಾರ್ನ್ ಗುಂಡಿ ಒತ್ತಿದರೆ ಒಳಗೇ ಅಂಟಿಕೊಳ್ಳತೊಡಗಿತು. ಮೂಗಿನ ಹತ್ತಿರ ತಂದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

ವೈರಿಂಗ್ ಮಿಸ್ತ್ರಿ ಕಾಕಾ ಗುಂಡಿಯನ್ನು ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದರು. ಒಳಗಿನ ಹಿತ್ತಾಳೆಯ ಚೂರು ಕಪ್ಪಗಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿ ಒಂದು ಬದಿಗೆ ವಾಲಿತ್ತು.

"ತಮ್ಮಾ, ಹಾರ್ನ್ ಹೊಸಾವ ಹಾಕೀದಿ, ವೈರ್ ಹಳೇವ ಅದಾವಲ್ಲೋ," ಅಂದರು.

ಗುಂಡಿಯನ್ನು ಕೆರೆದು ಮತ್ತೆ ಕೂರಿಸಿ, ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಹಿಡಿದು "ಹಾರ್ನ್ ಹೊಡಿ" ಅಂದರು. 12.3 ವೋಲ್ಟ್. ಅದೇ ಕಡ್ಡಿಗಳನ್ನು ಹಾರ್ನಿನಲ್ಲಿ ವೈರ್ ಸಿಕ್ಕಿಸುವ ಕಾಲುಗಳಿಗೆ ಹಿಡಿದು ಮತ್ತೆ ಹೊಡಿಸಿದರು. 10.1. ಬ್ಯಾಟರಿ ಕೊಟ್ಟದ್ದರಲ್ಲಿ 2.2 ವೋಲ್ಟ್ ಹಾರ್ನಿಗೆ ತಲುಪಿಯೇ ಇಲ್ಲ.

ಎಲ್ಲಿಗೆ ಹೋಯಿತು ಅದು? ಹಾರ್ನ್ ಇರುವುದು ಬ್ಯಾಟರಿಯಿಂದ ಒಂದು ಮೊಳ ದೂರದಲ್ಲಿ. ಆದರೆ ಕರೆಂಟ್ ಹಾಗೆ ನೇರವಾಗಿ ಬರುವುದಿಲ್ಲ. ಬ್ಯಾಟರಿಯಿಂದ ಫ್ಯೂಸಿಗೆ, ಅಲ್ಲಿಂದ ಕೀಲಿಯ ಸ್ವಿಚ್ಚಿಗೆ, ಅಲ್ಲಿಂದ ಹ್ಯಾಂಡಲ್ ಮೇಲೇರಿ ಗುಂಡಿಗೆ, ಮತ್ತೆ ಕೆಳಗಿಳಿದು ಹಾರ್ನಿಗೆ, ಆಮೇಲೆ ವಾಪಸ್. ಎಲ್ಲ ಸೇರಿ ಮೂರು ಮೂರೂವರೆ ಮೀಟರ್ ಹಾದಿ. ನಡುವೆ ವೈರಿಗೆ ವೈರ್ ಕೂಡಿಸುವ ನಾಲ್ಕೈದು ಕಪ್ಲರ್. ವೈರಿನ ತಾಮ್ರವೋ ಅರ್ಧ ಚದರ ಮಿಲಿಮೀಟರ್ ದಪ್ಪದ್ದು. ಅಷ್ಟು ಸಣ್ಣ ತಾಮ್ರದ ತಂತಿ ಒಂದು ಮೀಟರಿಗೆ 0.034 ಓಮ್‌ನಷ್ಟು ಅಡ್ಡಿ ಮಾಡುತ್ತದೆ. ಮೂರೂವರೆ ಮೀಟರಿಗೆ ಸುಮಾರು 0.12. ಸವೆದ ಕೀಲಿ ಸ್ವಿಚ್ಚು, ಕಿಲುಬು ಹಿಡಿದ ಕಪ್ಲರು, ಕಪ್ಪಾದ ಗುಂಡಿ ಇವೆಲ್ಲ ಸೇರಿದರೆ ಅದು ಕಾಲು ಓಮ್ ದಾಟುತ್ತದೆ. ಕಾಲು ಓಮ್ ಅಂದರೆ ಏನೂ ಅಲ್ಲ ಅನ್ನಿಸುತ್ತೆ ಅಲ್ವಾ? ಹಳೆಯ ಹಾರ್ನಿಗೆ ನಿಜಕ್ಕೂ ಏನೂ ಅಲ್ಲ. ಅದು ಕುಡಿಯುತ್ತಿದ್ದದ್ದು 2 ಆಂಪಿಯರ್, ಹಾದಿಯಲ್ಲಿ ಕಳೆಯುತ್ತಿದ್ದದ್ದು ಅರ್ಧ ವೋಲ್ಟ್. ಹೊಸ ಜೋಡಿ ಕೇಳುವುದು 8 ಆಂಪಿಯರ್. ಕರೆಂಟ್ ನಾಲ್ಕು ಪಟ್ಟಾದರೆ ಹಾದಿಯಲ್ಲಿ ಕಳೆಯುವ ವೋಲ್ಟೂ ನಾಲ್ಕು ಪಟ್ಟು. ಜಾರ್ಜ್ ಓಮ್ 1827ರಲ್ಲಿ ಹೇಳಿದ ಲೆಕ್ಕ ಇಷ್ಟೇ.

ಬಿಸಿಯ ಲೆಕ್ಕ ಇನ್ನೂ ಕಟುವಾಗಿದೆ. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟ್ ನಾಲ್ಕು ಪಟ್ಟಾದರೆ ಬಿಸಿ ಹದಿನಾರು ಪಟ್ಟು. ಗುಂಡಿಯೊಳಗಿನ ಆ ಹಿತ್ತಾಳೆಯ ಚೂರಿನಲ್ಲಿ 0.1 ಓಮ್ ಇದೆ ಅಂತ ಇಟ್ಟುಕೊಳ್ಳಿ. ಮೊದಲು ಅಲ್ಲಿ ಹುಟ್ಟುತ್ತಿದ್ದದ್ದು 0.4 ವ್ಯಾಟ್, ಈಗ 6.4 ವ್ಯಾಟ್. ಇಡೀ ಹಾದಿಯಲ್ಲಿ ಸುಮಾರು 18 ವ್ಯಾಟ್. ರೇಡಿಯೋ ರಿಪೇರಿಯವರ ಹತ್ತಿರ ಇರುವ ಸಣ್ಣ ಸೋಲ್ಡರ್ ಕಡ್ಡಿ 25 ವ್ಯಾಟಿನದು. ನಾನು ಹಾರ್ನ್ ಹೊಡೆದಾಗಲೆಲ್ಲ ಅಂಥದ್ದೇ ಒಂದು ಕಡ್ಡಿಯನ್ನು ನನ್ನ ಹೆಡ್‌ಲೈಟಿನ ಹಿಂದೆ ಕಾಯಿಸುತ್ತಿದ್ದೆ.

"ಗುಂಡಿಗೆ ಹೊರಿ ಹೊರಸಬ್ಯಾಡ," ಅಂದರು ಕಾಕಾ. "ಅದು ಬರೇ ಹೇಳಿ ಕಳಸ್ಲಿ. ಹೊರೂ ಕೆಲಸ ಬ್ಯಾರೇದಾವ್ರು ಮಾಡ್ತಾರ."

ಆ ಬೇರೆಯವರೇ ರಿಲೇ.

ಹೊಲದಲ್ಲಿ ಬೋರ್ ಇರುವವರಿಗೆ ರಿಲೇ ಹೊಸದಲ್ಲ, ಹೆಸರು ಮಾತ್ರ ಹೊಸದು. ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಹಸಿರು ಗುಂಡಿ ಒತ್ತಿದಾಗ ಒಳಗೆ 'ಧಡಕ್' ಅನ್ನುತ್ತದಲ್ಲ, ಅದೇ ಇದು. ಮೋಟಾರ್ ಎಳೆಯುವ ದೊಡ್ಡ ಕರೆಂಟ್ ಆ ಹಸಿರು ಗುಂಡಿಯ ಮೂಲಕ ಹೋಗುವುದೇ ಇಲ್ಲ. ಗುಂಡಿ ಒಂದು ಕಾಯಿಲಿಗೆ, ಅಂದರೆ ಸುತ್ತಿದ ತಂತಿಯ ಸುರುಳಿಗೆ, ಚೂರು ಕರೆಂಟ್ ಕಳಿಸುತ್ತದೆ. ಕಾಯಿಲ್ ಆಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆಯುತ್ತದೆ. ಆ ತುಂಡು ದಪ್ಪ ತಾಮ್ರದ ಪಟ್ಟಿಗಳನ್ನು ಕೂಡಿಸುತ್ತದೆ. ವೋಲ್ಟೇಜ್ ಕಡಿಮೆ ಇರುವ ರಾತ್ರಿ "ಕಾಯಿಲ್ ಸುಟ್ಟಿತು" ಅಂತ ರೈತರು ಬೈದುಕೊಳ್ಳುವುದೂ ಇದನ್ನೇ. ಬೈಕಿನ ರಿಲೇ ಅಂದರೆ ಬೆಂಕಿಪೊಟ್ಟಣದ ಅಳತೆಯ ಸ್ಟಾರ್ಟರ್ ಪೆಟ್ಟಿಗೆ.

ಇದು ಹುಟ್ಟಿದ್ದು ತಂತಿ ಕಳಿಸುವವರ ಕಷ್ಟದಿಂದ. ಅಮೆರಿಕದ ಜೋಸೆಫ್ ಹೆನ್ರಿ 1835ರಲ್ಲೇ ಒಂದು ಸರ್ಕಿಟ್ಟಿನ ಸಣ್ಣ ಕರೆಂಟಿನಿಂದ ಇನ್ನೊಂದು ಸರ್ಕಿಟ್ಟನ್ನು ಆಡಿಸಿ ತೋರಿಸಿದ್ದ. ಮೈಲಿಗಟ್ಟಲೆ ತಂತಿ ದಾಟಿ ಬಂದ ಟೆಲಿಗ್ರಾಫ್ ಸಂಕೇತಕ್ಕೆ ಕೊನೆಗೆ ಒಂದು ಸಣ್ಣ ಸನ್ನೆಕೋಲು ಅಲ್ಲಾಡಿಸುವಷ್ಟೇ ಶಕ್ತಿ ಉಳಿಯುತ್ತಿತ್ತು. ಆ ಸನ್ನೆಕೋಲು ಅಲ್ಲಿನ ಹೊಸ ಬ್ಯಾಟರಿಯನ್ನು ಜೋಡಿಸಿ, ಸಂಕೇತವನ್ನು ಮತ್ತೆ ಪೂರ್ತಿ ಬಲದಿಂದ ಮುಂದಕ್ಕೆ ಕಳಿಸುತ್ತಿತ್ತು. ಓಡಿ ದಣಿದ ಅಂಚೆ ಕುದುರೆಯನ್ನು ಬಿಟ್ಟು ತಾಜಾ ಕುದುರೆ ಏರುವುದಕ್ಕೂ ಇಂಗ್ಲಿಷಿನಲ್ಲಿ ರಿಲೇ ಅಂತಲೇ ಹೆಸರಿತ್ತು. ಬಹಳ ಸರಿಯಾದ ಹೆಸರು ಅನ್ನಿಸುತ್ತದೆ ನನಗೆ. ಕುದುರೆ ಬದಲಾಗುತ್ತದೆ, ಸುದ್ದಿ ಬದಲಾಗುವುದಿಲ್ಲ.

ರಿಲೇಯ ತಳದಲ್ಲಿ ಕಾಲುಗಳಿರುತ್ತವೆ, ಪಕ್ಕದಲ್ಲಿ ನಂಬರ್ ಕೊರೆದಿರುತ್ತದೆ. ಈ ನಂಬರುಗಳು ಜರ್ಮನಿಯ ವಾಹನ ಮಾನದಂಡದಿಂದ ಬಂದವು. 85 ಮತ್ತು 86 ಕಾಯಿಲಿನ ಎರಡು ತುದಿ. 30ಕ್ಕೆ ಬ್ಯಾಟರಿಯಿಂದ ಕರೆಂಟ್ ಬರುತ್ತದೆ, 87ರಿಂದ ಹೊರಗೆ ಹೋಗುತ್ತದೆ. ಕಾಯಿಲಿನ ಅಡ್ಡಿ ಸುಮಾರು 80 ಓಮ್. 12 ವೋಲ್ಟಿಗೆ ಅದು ಕುಡಿಯುವುದು 0.15 ಆಂಪಿಯರ್. ಅಂದರೆ ಹ್ಯಾಂಡಲ್ಲಿನ ಗುಂಡಿಗೆ ಈಗ ಹಳೆಯ ಹಾರ್ನಿಗಿಂತಲೂ ಕಡಿಮೆ ಕೆಲಸ.

ಜೋಡಿಸಿದ್ದು ಹೀಗೆ. ಹಳೆಯ ಹಾರ್ನಿಗೆ ಬರುತ್ತಿದ್ದ ಎರಡು ವೈರನ್ನು 85ಕ್ಕೂ 86ಕ್ಕೂ ಸಿಕ್ಕಿಸಿದರು. ಇಲ್ಲಿ ಒಂದು ಅನುಕೂಲವಿದೆ. ಕೆಲವು ಬೈಕುಗಳಲ್ಲಿ ಗುಂಡಿ ಪ್ಲಸ್ ಕಡೆ ಇರುತ್ತದೆ, ಕೆಲವದರಲ್ಲಿ ಅರ್ಥ್ ಕಡೆ, ಅಂದರೆ ಮೈನಸ್ ಕಡೆ. ಹಾರ್ನಿನ ಎರಡೂ ವೈರನ್ನು ಕಾಯಿಲಿಗೇ ಕೊಟ್ಟುಬಿಟ್ಟರೆ ಯಾವ ಥರದ ಬೈಕಾದರೂ ನಡೆಯುತ್ತದೆ. ರಿಲೇಯೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇದ್ದರೆ ಮಾತ್ರ 86ಕ್ಕೇ ಪ್ಲಸ್ ಕೊಡಬೇಕು. ಆಮೇಲೆ ಬ್ಯಾಟರಿಯ ಪ್ಲಸ್‌ನಿಂದ ಒಂದೂವರೆ ಚದರ ಮಿಲಿಮೀಟರಿನ ಹೊಸ ವೈರ್ 30ಕ್ಕೆ, 87ರಿಂದ ಅಂಥದ್ದೇ ವೈರ್ ಎರಡೂ ಹಾರ್ನಿಗೆ, ಹಾರ್ನಿನ ಇನ್ನೊಂದು ಕಾಲಿನಿಂದ ನೇರವಾಗಿ ಬ್ಯಾಟರಿಯ ಮೈನಸ್‌ಗೆ. ಬಣ್ಣ ಬಳಿದ ಚಾಸಿಗೆ ಸುಮ್ನೆ ಬೋಲ್ಟ್ ಹಾಕಿ ಅರ್ಥ್ ಕೊಟ್ಟರೆ ಉಳಿಸಿಕೊಂಡ ವೋಲ್ಟ್ ಮತ್ತೆ ಅಲ್ಲೇ ಕಳೆಯುತ್ತದೆ.

ಫ್ಯೂಸಿನ ವಿಷಯದಲ್ಲಿ ಮಾತ್ರ ಕಾಕಾ ಕೈ ಹಿಡಿದು ನಿಲ್ಲಿಸಿದರು. ಬ್ಯಾಟರಿಯಿಂದ 30ಕ್ಕೆ ಬರುವ ವೈರಿನಲ್ಲಿ ಕೀಲಿ ತೆಗೆದರೂ ಯಾವಾಗಲೂ ಕರೆಂಟ್ ಇರುತ್ತದೆ. ಅದು ಟ್ಯಾಂಕಿನ ಕೆಳಗೆ ಎಲ್ಲೋ ಉಜ್ಜಿ ಕಬ್ಬಿಣಕ್ಕೆ ತಾಗಿತು ಅನ್ನಿ, ಬ್ಯಾಟರಿಯ ಶಕ್ತಿಯೆಲ್ಲ ಆ ಒಂದು ಜಾಗದಲ್ಲಿ ಇಳಿಯುತ್ತದೆ, ಅದೂ ಪೆಟ್ರೋಲಿನ ಕೆಳಗೆ. ಅದಕ್ಕೇ ಬ್ಯಾಟರಿಯಿಂದ ಒಂದು ಗೇಣಿನ ಒಳಗೆ 15 ಆಂಪಿಯರ್ ಫ್ಯೂಸ್ ಇರಲೇಬೇಕು. ಅದು ಕಾಯುವುದು ಹಾರ್ನನ್ನಲ್ಲ, ವೈರನ್ನು. ಹಾಗಾಗಿ ಹಾರ್ನಿನ ಹತ್ತಿರ ಹಾಕಿದರೆ ಉಪಯೋಗವಿಲ್ಲ. ಫ್ಯೂಸ್ ಇಲ್ಲದೆ ಈ ಕೆಲಸ ಮಾಡುವುದಾದರೆ ದಯವಿಟ್ಟು ಮಾಡಲೇಬೇಡಿ.

ಕೊನೆಯ ವೈರ್ ನಾನೇ ಸಿಕ್ಕಿಸಿದೆ, ತಪ್ಪಾಗಿ ಸಿಕ್ಕಿಸಿದೆ. ಐದು ಕಾಲಿನ ರಿಲೇಯಲ್ಲಿ ನಡುವೆ 87ಎ ಅಂತ ಒಂದು ಕಾಲಿರುತ್ತದೆ. ಕಾಯಿಲ್ ಸುಮ್ಮನಿದ್ದಾಗ 30 ಕೂಡಿರುವುದು ಅದಕ್ಕೆ. ಫ್ಯೂಸ್ ಒತ್ತಿದ್ದೇ ತಡ, ಹಾರ್ನ್ ಒಂದೇ ಸಮನೆ ಕೂಗಿತು. ಗುಂಡಿ ಒತ್ತಿದರೆ ನಿಂತಿತು. ಓಣಿಯ ಜನ ಹೊರಗೆ ಬಂದರು.

ಆದರೆ ಆ ತಪ್ಪಿನಿಂದಲೇ ಒಂದು ಒಳ್ಳೆಯ ವಿಷಯ ಹೊರಬಂತು. ಕಾಕಾ ಬೇರೊಂದು ರಿಲೇ ತೆಗೆದುಕೊಂಡು, ಅದರ ಕಾಯಿಲಿಗೆ ಹೋಗುವ ಕರೆಂಟನ್ನು ಅದರದೇ 87ಎ ಮೂಲಕ ಕೊಟ್ಟರು. ಈಗ ಕಾಯಿಲ್ ಎಳೆದ ಕೂಡಲೇ ತನಗೆ ಬರುವ ಕರೆಂಟನ್ನು ತಾನೇ ಕಡಿಯುತ್ತದೆ. ಕರೆಂಟ್ ಹೋದರೆ ಸ್ಪ್ರಿಂಗು ಮತ್ತೆ ಕೂಡಿಸುತ್ತದೆ. ಕೂಡಿದ ಕೂಡಲೇ ಮತ್ತೆ ಎಳೆತ. ರಿಲೇ ಅಂಗೈಯಲ್ಲಿ ಜೀರುಂಡೆಯ ಹಾಗೆ 'ಗುರ್ರ್' ಅಂತ ನಡುಗಿತು. "ಇದ ನೋಡ ಹಾರ್ನ್," ಅಂದರು.

ನಂಬಿಕೆ ಬರಲೆಂದು ನನ್ನ ಹಳೆಯ ಹಾರ್ನನ್ನು ಬಿಚ್ಚಿದರು. ಒಳಗೆ ಒಂದು ಕಾಯಿಲ್, ಎದುರಿಗೆ ತೆಳ್ಳಗಿನ ಉಕ್ಕಿನ ತಗಡು, ಪಕ್ಕದಲ್ಲಿ ಕಾಯಿಲಿಗೆ ಕರೆಂಟ್ ದಾಟಿಸುವ, ಜೋಳದ ಕಾಳಿನಷ್ಟು ಎರಡು ಪಾಯಿಂಟು. ಕಾಯಿಲ್ ಎಳೆದಾಗ ತಗಡು ಒಳಗೆ ಬಾಗುತ್ತದೆ, ಬಾಗುತ್ತಲೇ ಪಾಯಿಂಟುಗಳನ್ನು ಬಿಡಿಸುತ್ತದೆ, ಬಿಡಿಸಿದ ಕೂಡಲೇ ಸ್ವಸ್ಥಾನಕ್ಕೆ ಬರುತ್ತದೆ. ಸೆಕೆಂಡಿಗೆ ಸುಮಾರು 400 ಸಲ. ನಮಗೆ ಕೇಳುವ ಸ್ವರ ಆ ತಗಡಿನದು. ಹಿಂಬದಿಯ ಸಣ್ಣ ಸ್ಕ್ರೂ ಈ ಪಾಯಿಂಟುಗಳ ಅಂತರವನ್ನು ಹೊಂದಿಸುತ್ತದೆ. ಹಾಗಾದರೆ ಒಂದೇ ಕಾಯಿಲು, ಒಂದೇ ಎಳೆತ. ಒಮ್ಮೆ ಎಳೆದು ಹಿಡಿದುಕೊಂಡರೆ ರಿಲೇ, ತನ್ನನ್ನೇ ಬಿಡಿಸಿಕೊಳ್ಳುತ್ತ ಹೋದರೆ ಹಾರ್ನ್. ವೋಲ್ಟ್ ಕಡಿಮೆಯಾದಾಗ ಎಳೆತ ಸಣ್ಣದಾಗುತ್ತದೆ, ತಗಡು ಪೂರ್ತಿ ಬಾಗುವುದಿಲ್ಲ. ನನ್ನ ಹೊಸ ಹಾರ್ನಿನ ಗಂಟಲು ಕಟ್ಟಿದ್ದು ಅದಕ್ಕೆ.

ವೈರನ್ನು 87ಕ್ಕೆ ಬದಲಿಸಿ ಮತ್ತೆ ಮೀಟರ್ ಹಿಡಿದೆವು. ಹಾರ್ನಿನ ಕಾಲಲ್ಲಿ 11.9 ವೋಲ್ಟ್. ಸ್ವರವೇ ಬೇರೆ.

ಎರಡು ಹಾರ್ನ್ ಹಾಕಿದರೆ ಸದ್ದು ಎರಡು ಪಟ್ಟು ಅಂತ ತಿಳಿಯಬೇಡಿ. ಒಂದೇ ಥರದ ಎರಡು ಹಾರ್ನ್ ಕೂಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ದುಪ್ಪಟ್ಟಾಯಿತು ಅನ್ನಿಸಬೇಕಾದರೆ ಸುಮಾರು 10 ಬೇಕು. ಬಯಲಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 2 ಮೀಟರಿನಲ್ಲಿ 105 ಇದ್ದದ್ದು 32 ಮೀಟರ್ ತಲುಪುವಾಗ 81. ಕಬ್ಬಿನ ರಾಶಿ ಅಡ್ಡ ಇದ್ದರೆ ಅದಕ್ಕಿಂತ ಕಡಿಮೆ. ಜೋಡಿಯ ನಿಜವಾದ ಲಾಭ ಸ್ವರದ್ದು. ಇಂಜಿನ್ನಿನ ಸದ್ದು ಅಥವಾ ಹಾಡು ಒಂದು ಸ್ವರವನ್ನು ನುಂಗಿದರೂ ಇನ್ನೊಂದು ಪಾರಾಗಿ ಹೋಗುತ್ತದೆ.

ಇಷ್ಟು ಸಾಕು, ಇದಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಮಾತು. ಒಂದರ ಹಿಂದೆ ಒಂದು ಸ್ವರ ಹೊರಡಿಸುವ, ಕರ್ಕಶವಾಗಿ ಬೆಚ್ಚಿಬೀಳಿಸುವ ಹಾರ್ನುಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಹಾಕಬಾರದು ಅನ್ನುತ್ತದೆ. ಬೇಕಿಲ್ಲದೆ ಹಾರ್ನ್ ಹೊಡೆದರೆ ಮೊದಲ ಸಲಕ್ಕೆ 1,000 ರೂಪಾಯಿ ದಂಡ. ದಂಡ ಇರಲಿ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜುಗಳ ಮುಂದೆ ಹಾದುಹೋಗುವಾಗ ನನ್ನ ಹೆಬ್ಬೆರಳು ಗುಂಡಿಯ ಹತ್ತಿರವೂ ಹೋಗುವುದಿಲ್ಲ. ಒಳಗೆ ಮಕ್ಕಳು ಪರೀಕ್ಷೆ ಬರೆಯುತ್ತಿರುತ್ತಾರೆ.

ಹೋದ ತಿಂಗಳು ಲೋಕಾಪುರ ಇನ್ನೂ ದೂರ ಇರುವಾಗ ಹಾರ್ನ್ ಒಮ್ಮೆಲೇ ಸುಮ್ಮನಾಯಿತು. ಗಾಡಿ ಬದಿಗೆ ನಿಲ್ಲಿಸಿ, ಒಂದು ಕೈ ರಿಲೇಯ ಮೇಲಿಟ್ಟು ಇನ್ನೊಂದು ಕೈಯಿಂದ ಗುಂಡಿ ಒತ್ತಿದೆ. ಬೆರಳಿಗೆ 'ಟಕ್' ಅಂತ ತಾಗಿತು. ಅಂದರೆ ಗುಂಡಿ, ಕೀಲಿ, ಹಳೆಯ ವೈರ್, ಕಾಯಿಲ್ ಎಲ್ಲ ಸರಿಯಿದೆ. ಮಾತು ಬಂದು ಮುಟ್ಟಿದೆ, ಹೊರುವವರ ಕಡೆ ಏನೋ ಆಗಿದೆ. ಫ್ಯೂಸ್ ನೋಡಿದೆ, ಸುಟ್ಟಿರಲಿಲ್ಲ. ಕೆಳಗೆ ಬಗ್ಗಿ ಹಾರ್ನ್ ನೋಡಿದರೆ ಅರ್ಥ್ ವೈರಿನ ತುದಿಯ ಲೋಹದ ಥಿಂಬಲ್ ಕಳಚಿ ಜೋತಾಡುತ್ತಿತ್ತು. ಅದನ್ನು ಒತ್ತಿ ಕೂರಿಸಿ, ಗುಂಡಿ ಒತ್ತಿದೆ. ಪಕ್ಕದ ಕಬ್ಬಿನ ಗದ್ದೆಯಿಂದ ಬೆಳ್ಳಕ್ಕಿಗಳು ಎದ್ದು ಹಾರಿದವು.